ಮನೆಯ ಮುಂದೆ ರಸ್ತೆ ಅಗೆದಾಗ: ಗುದ್ದಲಿ ಬೀಳುವ ಮುನ್ನದಿಂದ ಮೊದಲ ಮಳೆಯವರೆಗೆ ಮಾಡಬೇಕಾದ ಕೆಲಸಗಳು

ಬೆಂಗಳೂರಿನ ಬಡಾವಣೆಗಳಲ್ಲಿ ಒಂದೇ ರಸ್ತೆಯನ್ನು ಒಂದು ವರ್ಷ ಕುಡಿಯುವ ನೀರಿನ ಕೊಳವೆಗೆಂದು, ಮತ್ತೊಂದು ವರ್ಷ ಒಳಚರಂಡಿಗೆಂದು, ಅದಾದ ಮೇಲೆ ವಿದ್ಯುತ್ ಕೇಬಲ್‌ಗೋ ಅನಿಲದ ಕೊಳವೆಗೋ ಇಂಟರ್‌ನೆಟ್ ತಂತಿಗೋ ಎಂದು ಅಗೆಯುವುದನ್ನು ಬಹುತೇಕ ಎಲ್ಲರೂ ಕಂಡಿದ್ದಾರೆ. 2007ರಲ್ಲಿ ನಗರದ ವ್ಯಾಪ್ತಿಗೆ ಸೇರಿದ 110 ಹಳ್ಳಿಗಳಲ್ಲಿ ಕೊಳವೆ ಹಾಕುವ ಕೆಲಸ ವರ್ಷಗಟ್ಟಲೆ ನಡೆದು, ಅವುಗಳಿಗಾಗಿಯೇ ರೂಪಿಸಿದ, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಹುಬ್ಬಳ್ಳಿ-ಧಾರವಾಡದ ನಿರಂತರ ನೀರು ಪೂರೈಕೆ ಯೋಜನೆಯಲ್ಲಿಯೂ ಮಂಗಳೂರಿನ ಜಲಸಿರಿ ಯೋಜನೆಯಲ್ಲಿಯೂ ಜನರು ಇದೇ ಬಗೆಯ ಅಗೆತವನ್ನು ಅನುಭವಿಸಿದ್ದಾರೆ. ಟ್ಯಾಂಕರ್ ನೀರನ್ನೇ ನಂಬಿದ ಮನೆಗೆ ನಲ್ಲಿ ನೀರು ಬರಬೇಕಾದರೆ ಯಾರದೋ ಮನೆಯ ಮುಂದೆ ಅಗೆಯಲೇಬೇಕು. ಆದ್ದರಿಂದ ಈ ಲೇಖನ ಅಗೆತವನ್ನು ತಡೆಯುವುದರ ಬಗ್ಗೆ ಅಲ್ಲ, ಅದರಿಂದ ಮನೆಗೆ ಆಗುವ ಹಾನಿಯನ್ನು ತಡೆಯುವುದರ ಬಗ್ಗೆ.

ಆರಂಭದಲ್ಲಿಯೇ ಒಂದು ಮಾತು ಹೇಳಬೇಕು. ಜನರ ಸಿಟ್ಟೆಲ್ಲ ಅಗೆಯುವ ದಿನದ ಮೇಲೆ ಇರುತ್ತದೆ. ಧೂಳು, ಸದ್ದು, ಗೇಟಿನ ಮುಂದಿನ ಮಣ್ಣಿನ ರಾಶಿ, ಇವೆಲ್ಲ ಕಣ್ಣಿಗೆ ಕಾಣುವ ತೊಂದರೆಗಳು, ಕೆಲವು ದಿನಗಳಲ್ಲಿ ಮುಗಿಯುವಂಥವು. ಆದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಡುವ ತೊಂದರೆಗಳು, ಅಂದರೆ ನಲ್ಲಿಯಲ್ಲಿ ಬರುವ ದುರ್ವಾಸನೆಯ ನೀರು, ಕಟ್ಟಿಕೊಳ್ಳುವ ಚೇಂಬರ್, ಮಳೆಗೆ ಕುಸಿಯುವ ರಸ್ತೆ, ಇವೆಲ್ಲ ಹುಟ್ಟುವುದು ಕಂದಕವನ್ನು ಮುಚ್ಚುವ ದಿನ. ಆ ದಿನ ಮನೆಯವರೊಬ್ಬರು ಹೊರಗೆ ನಿಂತು ನೋಡಿದರೆ ಅರ್ಧಕ್ಕಿಂತ ಹೆಚ್ಚು ತೊಂದರೆಗಳು ಅಲ್ಲಿಯೇ ಬಗೆಹರಿಯುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೆಲಸ ಯಾರದೆಂದು ತಿಳಿದುಕೊಳ್ಳುವುದು

ರಸ್ತೆ ಪಾಲಿಕೆಯದು, ಅಗೆಯುವವರು ಬೇರೆಯವರು. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿನಲ್ಲಿ ಬಿಬಿಎಂಪಿಯ ಬದಲಿಗೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರಪಾಲಿಕೆಗಳಿವೆ. ನಿಮ್ಮ ರಸ್ತೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಇವುಗಳಲ್ಲಿ ಯಾವುದಕ್ಕೆ ಸೇರಿದೆ ಎಂಬುದು ಮೊದಲು ಗೊತ್ತಿರಬೇಕು. ಅಗೆಯುವ ಸಂಸ್ಥೆ ಜಲಮಂಡಳಿ, ಬೆಸ್ಕಾಂ, ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್, ಅನಿಲ ಕಂಪನಿ ಅಥವಾ ದೂರಸಂಪರ್ಕ ಕಂಪನಿ ಆಗಿರಬಹುದು. ಅದು ಪಾಲಿಕೆಯಿಂದ ಅಗೆತದ ಅನುಮತಿ ಪಡೆಯಬೇಕು, ರಸ್ತೆಯನ್ನು ಮೊದಲಿನಂತೆ ಮಾಡುವ ವೆಚ್ಚದ ಹೊಣೆಯೂ ಆ ಅನುಮತಿಯಲ್ಲಿಯೇ ನಿಗದಿಯಾಗುತ್ತದೆ. ಕೆಲವು ಕಡೆ ಅಗೆದವರೇ ಡಾಂಬರು ಹಾಕಿಕೊಡಬೇಕಾಗುತ್ತದೆ, ಇನ್ನು ಕೆಲವು ಕಡೆ ಅವರು ಶುಲ್ಕ ಕಟ್ಟಿ, ಪಾಲಿಕೆ ಆ ಕೆಲಸ ಮಾಡುತ್ತದೆ. ಈ ಒಂದು ವಿವರ ಗೊತ್ತಿಲ್ಲದ ಕಾರಣಕ್ಕೆ ಎಷ್ಟೋ ದೂರುಗಳು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅಲೆಯುತ್ತವೆ.

ಸ್ಥಳದಲ್ಲಿ ಕಾಮಗಾರಿಯ ಫಲಕವಿದ್ದರೆ ಅದರ ಫೋಟೊ ತೆಗೆದುಕೊಳ್ಳಿ. ಫಲಕವಿಲ್ಲದಿದ್ದರೆ ಮೇಸ್ತ್ರಿಯನ್ನು ನಯವಾಗಿ ವಿಚಾರಿಸಿ: ಇದು ಯಾವ ಇಲಾಖೆಯ ಕೆಲಸ, ಕಂಟ್ರಾಕ್ಟರ್ ಯಾರು, ಉಸ್ತುವಾರಿಯ ಜೆ.ಇ. (ಕಿರಿಯ ಎಂಜಿನಿಯರ್) ಯಾರು, ನಮ್ಮ ಗೇಟಿನ ಮುಂದೆ ಎಂದು ಅಗೆಯುತ್ತೀರಿ, ಎಂದು ಮುಚ್ಚುತ್ತೀರಿ. ಜೆ.ಇ. ಮತ್ತು ಮೇಸ್ತ್ರಿ ಇಬ್ಬರ ಮೊಬೈಲ್ ಸಂಖ್ಯೆಗಳೂ ನಿಮ್ಮ ಬಳಿ ಇರಲಿ. ಕಾಗದದ ಮೇಲಿನ ಆದೇಶ ಜೆ.ಇ.ಯಿಂದ ಬರುತ್ತದೆ, ಆದರೆ ನಾಳೆ ಬೆಳಿಗ್ಗೆ ಜೆಸಿಬಿ ನಿಮ್ಮ ಗೇಟಿನಿಂದ ಮೂರು ಅಡಿ ಆಚೆ ಅಗೆಯಬೇಕೋ ಈಚೆ ಅಗೆಯಬೇಕೋ ಎಂದು ತೀರ್ಮಾನಿಸುವವರು ಮೇಸ್ತ್ರಿ.

ಭೂಗತ ಕೊಳವೆ ಮತ್ತು ಕೇಬಲ್‌ಗಳಿಗೆ ಹಾನಿಯಾಗದಂತೆ ಅಗೆಯುವ ಮುನ್ನವೇ ಅವುಗಳ ಒಡೆಯರಿಗೆ ತಿಳಿಸುವ ಸಲುವಾಗಿ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ಬಿಡುಗಡೆ ಮಾಡಿದೆ. ಅದರಲ್ಲಿ ಮಾಹಿತಿ ಕೊಟ್ಟಿದ್ದೀರಾ ಎಂದು ಜೆ.ಇ.ಯನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನಷ್ಟೇ ನಂಬಿ ಕೂರುವಂತಿಲ್ಲ, ಏಕೆಂದರೆ ಮುಖ್ಯ ಕೊಳವೆಯಿಂದ ನಿಮ್ಮ ಮನೆಗೆ ಬರುವ ಸಣ್ಣ ಸಂಪರ್ಕಗಳು ಯಾವ ನಕ್ಷೆಯಲ್ಲಿಯೂ ಇರುವುದು ಅಪರೂಪ. ಅವು ಎಲ್ಲಿವೆ ಎಂದು ಬಲ್ಲವರು ಮನೆಯವರು, ಮನೆ ಕಟ್ಟಿದ ಪ್ಲಂಬರ್ ಮತ್ತು ಬಡಾವಣೆಯ ಹಳೆಯ ನೀರುಗಂಟಿ.

ಅಗೆಯುವ ಮುನ್ನ

ಮೊದಲ ಕೆಲಸ, ಮನೆಯಿಂದ ರಸ್ತೆಗೆ ಹೋಗುವ ಪ್ರತಿಯೊಂದು ಸಂಪರ್ಕವನ್ನೂ ಗುರುತಿಸುವುದು. ನೀರಿನ ಮೀಟರ್ ಇರುವ ಜಾಗದಿಂದ ರಸ್ತೆಯ ಮುಖ್ಯ ಕೊಳವೆಯವರೆಗೆ ಸಾಮಾನ್ಯವಾಗಿ ನೇರ ಗೆರೆಯಲ್ಲಿ ಕೊಳವೆ ಹೋಗಿರುತ್ತದೆ. ಕಾಂಪೌಂಡಿನ ಒಳಗಿನ ಕೊನೆಯ ಚೇಂಬರ್‌ನಿಂದ ರಸ್ತೆಯ ಮ್ಯಾನ್‌ಹೋಲ್‌ಗೆ ಒಳಚರಂಡಿಯ ಕೊಳವೆ ಇರುತ್ತದೆ. ಹಳೆಯ ಮನೆಗಳಲ್ಲಿ ಇದು ಸುಟ್ಟ ಮಣ್ಣಿನ ಗ್ಲೇಜ್ ಪೈಪ್ ಆಗಿದ್ದು, ಜೆಸಿಬಿಯ ಬಕೆಟ್ ತಗುಲಿದರೆ ಸಾಕು ಸೀಳುತ್ತದೆ. ಇವುಗಳ ಜೊತೆಗೆ ವಿದ್ಯುತ್ತಿನ ಸರ್ವಿಸ್ ಕೇಬಲ್, ಅನಿಲದ ಹಳದಿ ಕೊಳವೆ, ಬೋರ್‌ವೆಲ್ ಕಾಂಪೌಂಡಿನ ಹೊರಗಿದ್ದರೆ ಅದರ ಕೇಬಲ್ ಮತ್ತು ಪೈಪ್, ಇವೆಲ್ಲ ಇರಬಹುದು. ಸುಣ್ಣದ ಪುಡಿಯಿಂದಲೋ ಬಣ್ಣದಿಂದಲೋ ರಸ್ತೆಯ ಮೇಲೆ ಈ ಗೆರೆಗಳನ್ನು ಎಳೆದು, ಪಕ್ಕದಲ್ಲಿ 'ನೀರು', 'ಯುಜಿಡಿ' (ಒಳಚರಂಡಿ), 'ಗ್ಯಾಸ್', 'ಕರೆಂಟ್' ಎಂದು ಬರೆಯಿರಿ. ಗೇಟಿನ ಕಂಬದಿಂದ ಪ್ರತಿಯೊಂದು ಗೆರೆ ಎಷ್ಟು ಅಡಿ ದೂರವಿದೆ ಎಂಬುದನ್ನು ಅಳೆದು ಒಂದು ಹಾಳೆಯಲ್ಲಿ ನಕ್ಷೆ ಬರೆದಿಡಿ. ಜೆಸಿಬಿ ಬಂದಾಗ ಆಪರೇಟರ್‌ಗೆ ಆ ಗೆರೆಗಳನ್ನು ತೋರಿಸಿ, ಅವುಗಳ ಎರಡೂ ಬದಿಗೆ ಒಂದೊಂದು ಅಡಿಯಷ್ಟು ಭಾಗವನ್ನು ಯಂತ್ರದ ಬದಲು ಕೈಯಿಂದಲೇ ಅಗೆಯುವಂತೆ ಮೇಸ್ತ್ರಿಯನ್ನು ಕೇಳಿಕೊಳ್ಳಿ. ಬಹಳಷ್ಟು ಮೇಸ್ತ್ರಿಗಳು ಇದಕ್ಕೆ ಒಪ್ಪುತ್ತಾರೆ, ಏಕೆಂದರೆ ಕೊಳವೆ ಒಡೆದರೆ ಅವರ ಕೆಲಸವೂ ಅಲ್ಲಿಯೇ ನಿಲ್ಲುತ್ತದೆ.

ಎರಡನೆಯದು, ಫೋಟೊಗಳು. ಕಾಂಪೌಂಡ್ ಗೋಡೆಯ ಹೊರಮೈ, ಅದರಲ್ಲಿ ಈಗಾಗಲೇ ಇರುವ ಬಿರುಕುಗಳು, ಗೇಟಿನ ಕಂಬಗಳು, ಮಳೆನೀರಿನ ಮೋರಿ, ಅದರ ಮೇಲಿನ ಕಲ್ಲುಚಪ್ಪಡಿಗಳು, ಗೇಟಿನ ಮುಂದಿನ ಇಳಿಜಾರು, ಇವೆಲ್ಲವನ್ನೂ ದಿನಾಂಕ ಕಾಣುವಂತೆ ಸೆರೆಹಿಡಿಯಿರಿ. ಹಳೆಯ ಬಿರುಕಿನ ಫೋಟೊ ಏಕೆ ಬೇಕೆಂದರೆ, ಹೊಸ ಬಿರುಕು ಯಾವುದೆಂದು ತೋರಿಸಲು ಅದೇ ಆಧಾರ. ಒಂದು ವಿಷಯವನ್ನು ಮಾತ್ರ ಒಪ್ಪಿಕೊಳ್ಳಬೇಕು: ಪಾಲಿಕೆಯ ಜಾಗಕ್ಕೆ ಚಾಚಿಕೊಂಡ ಮೆಟ್ಟಿಲು, ಇಳಿಜಾರು, ಹೂಗಿಡದ ಕಟ್ಟೆಗಳನ್ನು ತೆಗೆದರೆ ಪರಿಹಾರ ಕೇಳುವ ಹಕ್ಕು ನಮಗೆ ಇರುವುದಿಲ್ಲ.

ಆಮೇಲೆ ಮನೆಯ ದಿನಚರಿ. ಸಂಪು ಮತ್ತು ಮೇಲಿನ ಟ್ಯಾಂಕ್ ಎರಡನ್ನೂ ತುಂಬಿಸಿಕೊಂಡು, ಕುಡಿಯುವ ಮತ್ತು ಅಡುಗೆಯ ನೀರನ್ನು ಪ್ರತ್ಯೇಕ ಪಾತ್ರೆಗಳಲ್ಲಿ ಹಿಡಿದಿಟ್ಟುಕೊಳ್ಳಿ. ಕಾರು, ಸ್ಕೂಟರ್‌ಗಳನ್ನು ಹಿಂದಿನ ಸಂಜೆಯೇ ರಸ್ತೆಯ ಕೊನೆಗೆ ಅಥವಾ ಪಕ್ಕದ ಅಡ್ಡರಸ್ತೆಗೆ ಸಾಗಿಸಿ. ಬೆಳಿಗ್ಗೆ ಆರು ಗಂಟೆಗೇ ಜೆಸಿಬಿ ಬಂದು ನಿಂತರೆ ಕಾರು ಗೇಟಿನೊಳಗೆ ಸಿಕ್ಕಿಕೊಂಡು ಕಂದಕ ಮುಚ್ಚುವವರೆಗೂ ಅಲ್ಲಿಯೇ ಇರುತ್ತದೆ. ಅಡುಗೆ ಅನಿಲದ ಸಿಲಿಂಡರ್ ಮುಗಿಯುತ್ತಾ ಬಂದಿದ್ದರೆ ಮೊದಲೇ ಬುಕ್ ಮಾಡಿ. ಕಸದ ಆಟೊ ಎಲ್ಲಿಯವರೆಗೆ ಬರುತ್ತದೆ, ಶಾಲಾ ವಾಹನ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅಕ್ಕಪಕ್ಕದವರೊಡನೆ ಮಾತನಾಡಿಕೊಳ್ಳಿ.

ಮನೆಯಲ್ಲಿ ಹಾಸಿಗೆ ಹಿಡಿದವರು, ತುಂಬು ಗರ್ಭಿಣಿಯರು, ಡಯಾಲಿಸಿಸ್‌ಗೆ ಹೋಗಿಬರುವವರು, ಗಾಲಿಕುರ್ಚಿ ಬಳಸುವವರು ಇದ್ದರೆ ಆ ವಿಷಯವನ್ನು ಜೆ.ಇ.ಗೆ ಬಾಯಿಮಾತಿನಲ್ಲಿ ಹೇಳುವುದರ ಜೊತೆಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದೂ ತಿಳಿಸಿ. ನಿಮ್ಮ ಗೇಟಿನ ಮುಂದಿನ ಭಾಗವನ್ನು ಒಂದೇ ದಿನದಲ್ಲಿ ಅಗೆದು ಮುಚ್ಚುವುದು ಅಥವಾ ಗಟ್ಟಿಯಾದ ಕಬ್ಬಿಣದ ಹಲಗೆ ಹಾಸುವುದು ಸಾಧ್ಯವಿರುವ ಕೆಲಸ. 108ರ ಆಂಬುಲೆನ್ಸ್ ಯಾವ ಕಡೆಯಿಂದ ಎಲ್ಲಿಯವರೆಗೆ ಬರಬಲ್ಲದು, ಅಲ್ಲಿಂದ ಸ್ಟ್ರೆಚರ್ ಹೇಗೆ ತರುವುದು ಎಂಬುದನ್ನು ಮನೆಯವರೆಲ್ಲರೂ ಮೊದಲೇ ತಿಳಿದಿರಬೇಕು. ಇಂಥ ಮನೆಗಳ ವಿಷಯದಲ್ಲಿ ನೆರೆಹೊರೆಯವರೂ ಸೇರಿ ಕೇಳಿಕೊಳ್ಳುವುದು ನಮ್ಮೆಲ್ಲರ ಕರ್ತವ್ಯ.

ಕಂದಕ ತೆರೆದಿರುವಾಗ

ಎರಡು ಮರದ ಹಲಗೆಗಳನ್ನು ಅಡ್ಡ ಇಟ್ಟು 'ದಾಟಿಕೊಳ್ಳಿ' ಎನ್ನುವುದು ಸಾಮಾನ್ಯ ದೃಶ್ಯ. ಹಲಗೆಗಳ ನಡುವೆ ಸಂದು ಇರಬಾರದು, ಎರಡೂ ತುದಿಗಳು ಗಟ್ಟಿ ನೆಲದ ಮೇಲೆ ಚೆನ್ನಾಗಿ ಕುಳಿತಿರಬೇಕು, ಒಂದು ಬದಿಗಾದರೂ ಹಿಡಿದುಕೊಳ್ಳಲು ಕಟ್ಟಿಗೆಯೋ ಪೈಪೋ ಇರಬೇಕು. ಮಳೆ ಬಂದರೆ ಮರದ ಹಲಗೆ ಜಾರುತ್ತದೆ. ಗೋಣಿತಾಟನ್ನು ಮೊಳೆ ಹೊಡೆದು ಹಾಸಿದರೆ ಕಾಲು ನಿಲ್ಲುತ್ತದೆ. ರಾತ್ರಿ ಕಂದಕದ ಅಂಚು ಕಾಣುವಂತೆ ಬ್ಯಾರಿಕೇಡ್, ಹೊಳೆಯುವ ಪಟ್ಟಿ ಮತ್ತು ಎಚ್ಚರಿಕೆಯ ದೀಪ ಇರಬೇಕೆಂದು ರಸ್ತೆ ಕಾಮಗಾರಿಗಳ ಸುರಕ್ಷತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಟಿಸಿರುವ ಮಾರ್ಗಸೂಚಿ ಹೇಳುತ್ತದೆ. ದೀಪವಿಲ್ಲದಿದ್ದರೆ ದೂರು ಕೊಡಿ, ಆದರೆ ಆ ರಾತ್ರಿಯ ಮಟ್ಟಿಗೆ ನಿಮ್ಮ ಗೇಟಿನ ದೀಪವನ್ನು ಉರಿಸಿಯೇ ಬಿಡಿ. ಮಕ್ಕಳು ಅಲ್ಲಿ ಆಡದಂತೆ, ರಾಶಿ ಹಾಕಿದ ಕೊಳವೆಗಳ ಮೇಲೆ ಹತ್ತದಂತೆ ನೋಡಿಕೊಳ್ಳಬೇಕು. ಆಸರೆಯಿಲ್ಲದೆ ಜೋಡಿಸಿಟ್ಟ ಕೊಳವೆಗಳು ಒಮ್ಮೆಲೇ ಉರುಳುತ್ತವೆ.

ಒಳಚರಂಡಿಯ ಕಂದಕಗಳು ನೀರಿನ ಕೊಳವೆಯ ಕಂದಕಗಳಿಗಿಂತ ಬಹಳ ಆಳ. ಒಂದೂವರೆ ಮೀಟರ್‌ಗಿಂತ ಆಳವಾದ ಮಣ್ಣಿನ ಕಂದಕದ ಬದಿಗಳಿಗೆ ಆಸರೆ ಕೊಡಬೇಕೆಂದು ಅಗೆತದ ಸುರಕ್ಷತೆಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 3764 ಹೇಳುತ್ತದೆ, ತೆಗೆದ ಮಣ್ಣನ್ನು ಅಂಚಿಗೇ ಸುರಿಯಬಾರದೆಂದೂ ಅದರಲ್ಲಿದೆ. ಆಳದ ಕಂದಕದಲ್ಲಿ ಆಸರೆಯಿಲ್ಲದೆ ಕಾರ್ಮಿಕರು ಇಳಿದಿರುವುದು, ಮೇಲೆ ಮಣ್ಣಿನ ರಾಶಿ ಅಂಚಿಗೆ ನಿಂತಿರುವುದು ಕಂಡರೆ, ಅದು ಬೇರೆಯವರ ಕೆಲಸವೆಂದು ಸುಮ್ಮನಿರಬೇಡಿ. ಜೆ.ಇ.ಗೆ ತಕ್ಷಣ ಫೋಟೊ ಕಳುಹಿಸಿ, ಕರೆ ಮಾಡಿ. ಮಣ್ಣು ಕುಸಿದರೆ ಒಳಗಿರುವವರನ್ನು ಹೊರತೆಗೆಯಲು ನಿಮಿಷಗಳ ಅವಕಾಶ ಮಾತ್ರ ಇರುತ್ತದೆ. ಅದೇ ಕಾರಣಕ್ಕೆ ನಿಮ್ಮ ಕಾಂಪೌಂಡ್ ಗೋಡೆಯ ಬುಡಕ್ಕೆ ಅಂಟಿಕೊಂಡಂತೆ ಆಳವಾಗಿ ಅಗೆದಿದ್ದರೆ ಗೋಡೆಯ ಒಳಬದಿಯಲ್ಲಿ ಯಾರೂ ಕೂರದಂತೆ, ವಾಹನ ನಿಲ್ಲಿಸದಂತೆ ನೋಡಿಕೊಳ್ಳಿ. ಪಕ್ಕದ ವಿದ್ಯುತ್ ಕಂಬ ವಾಲಿದಂತೆ ಕಂಡರೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ, ದೂರವಿರಿ.

ಬಿಸಿಲಿನಲ್ಲಿ ದುಡಿಯುವ ಕಾರ್ಮಿಕರಿಗೆ ಕುಡಿಯುವ ನೀರು, ಕುಳಿತು ಉಣ್ಣಲು ಒಂದಿಷ್ಟು ನೆರಳು ಕೊಡುವುದಕ್ಕೆ ಯಾವ ಲೆಕ್ಕಾಚಾರವೂ ಬೇಕಿಲ್ಲ. ಅವರು ಹೆಚ್ಚಾಗಿ ಉತ್ತರ ಕರ್ನಾಟಕದಿಂದ, ಆಂಧ್ರ, ತೆಲಂಗಾಣದಿಂದ ಅಥವಾ ಉತ್ತರ ಭಾರತದಿಂದ ಸಂಸಾರ ಸಮೇತ ಬಂದವರು. ಅನುಮತಿಯ ಗೊಂದಲಕ್ಕೂ ವಿಳಂಬಕ್ಕೂ ಅವರು ಹೊಣೆಯಲ್ಲ, ನಮ್ಮ ಸಿಟ್ಟನ್ನು ಅವರ ಮೇಲೆ ತೀರಿಸಿಕೊಳ್ಳುವುದು ಅನ್ಯಾಯ.

ಅನಿಲದ ವಾಸನೆ ಬಂದರೆ ಕ್ರಮ ಸ್ಪಷ್ಟವಾಗಿರಲಿ. ಕೊಳವೆಯ ಅನಿಲಕ್ಕೆ ಸ್ವಂತ ವಾಸನೆಯಿಲ್ಲ; ಸೋರಿಕೆ ತಿಳಿಯಲೆಂದೇ ಕೊಳೆತ ಮೊಟ್ಟೆಯಂಥ ಕಟುವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಆ ವಾಸನೆ ಬಂದೊಡನೆ ಒಲೆ ಆರಿಸಿ, ಮೀಟರ್ ಬಳಿಯ ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಸ್ವಿಚ್‌ಗಳನ್ನು ಹಾಕದೆ ತೆಗೆಯದೆ ಎಲ್ಲರೂ ಹೊರಗೆ ಬನ್ನಿ. ಮನೆಯಿಂದ ದೂರ ಹೋದ ಮೇಲೆ ಅನಿಲ ಕಂಪನಿಯ ತುರ್ತು ಸಂಖ್ಯೆಗೂ 112ಕ್ಕೂ ಕರೆ ಮಾಡಿ. ತುರ್ತು ಸಂಖ್ಯೆ ಬಿಲ್ಲಿನ ಮೇಲಿರುತ್ತದೆ. ಅಗೆತ ಆರಂಭವಾದ ದಿನವೇ ಅದನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ.

ಧೂಳಿಗೆ ದಿನಕ್ಕೆ ಎರಡು ಬಾರಿ ನೀರು ಚಿಮುಕಿಸುವಂತೆ ಕೇಳಿ, ರಸ್ತೆಯ ಕಡೆಯ ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟಿ. ಆಸ್ತಮಾ ಇರುವವರು ಹೊರಗೆ ಎನ್95 ಮುಖಗವಸು ಹಾಕಿಕೊಳ್ಳಲಿ. ಸದ್ದಿನ ವಿಷಯದಲ್ಲಿ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಅವಧಿಯನ್ನು ರಾತ್ರಿಯೆಂದು ಪರಿಗಣಿಸಿ, ವಸತಿ ಪ್ರದೇಶಕ್ಕೆ 45 ಡೆಸಿಬೆಲ್ ಮಿತಿ ಹಾಕಿವೆ.

ನೀರು: ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು

ನಮ್ಮ ಬಡಾವಣೆಗಳಿಗೆ ನೀರು ಇಪ್ಪತ್ನಾಲ್ಕು ಗಂಟೆಯೂ ಬರುವುದಿಲ್ಲ. ದಿನ ಬಿಟ್ಟು ದಿನ, ಕೆಲವು ಗಂಟೆಗಳ ಕಾಲ ಬರುತ್ತದೆ. ನೀರು ಹರಿಯುವಾಗ ಕೊಳವೆಯೊಳಗೆ ಒತ್ತಡವಿರುವುದರಿಂದ ಬಿರುಕಿನ ಮೂಲಕ ನೀರು ಹೊರಕ್ಕೆ ಸೋರುತ್ತದೆ. ಪೂರೈಕೆ ನಿಂತಾಗ ಒತ್ತಡ ಇಳಿದು, ಕೊಳವೆ ಖಾಲಿಯಾಗುತ್ತಾ ಅದೇ ಬಿರುಕಿನ ಮೂಲಕ ಸುತ್ತಲಿನ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪಕ್ಕದಲ್ಲಿಯೇ ಒಡೆದ ಒಳಚರಂಡಿ ಕೊಳವೆ ಇದ್ದರೆ, ಕಂದಕದಲ್ಲಿ ಕೊಳಚೆ ನಿಂತಿದ್ದರೆ, ಮುಂದಿನ ಪೂರೈಕೆಯ ಮೊದಲ ನೀರು ಅದನ್ನು ಹೊತ್ತು ನೇರವಾಗಿ ನಿಮ್ಮ ಸಂಪಿಗೆ ಬರುತ್ತದೆ. ರಾತ್ರಿ ಎರಡು ಗಂಟೆಗೆ ನೀರು ಬಿಟ್ಟರೆ ಅದು ಹೇಗಿತ್ತೆಂದು ನೋಡುವವರು ಯಾರೂ ಇರುವುದಿಲ್ಲ, ಬೆಳಿಗ್ಗೆ ಮೋಟರ್ ಹಾಕಿದೊಡನೆ ಅದು ಮೇಲಿನ ಟ್ಯಾಂಕಿಗೂ ಏರುತ್ತದೆ.

ಆದ್ದರಿಂದ ಅಗೆತ ಶುರುವಾದ ದಿನದಿಂದ ಸಂಪಿಗೆ ಹೋಗುವ ವಾಲ್ವ್ ಮುಚ್ಚಿಯೇ ಇರಲಿ. ನೀರು ಬಂದಾಗ ಮೊದಲ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿ. ಕೆಂಪು ಮಣ್ಣಿನ ಬಣ್ಣವಿದ್ದು, ಹತ್ತು ಹದಿನೈದು ನಿಮಿಷದಲ್ಲಿ ಮಣ್ಣು ತಳಕ್ಕೆ ಕೂತು ಮೇಲಿನ ನೀರು ತಿಳಿಯಾದರೆ, ವಾಸನೆಯೂ ಇಲ್ಲದಿದ್ದರೆ, ಅದು ಹೆಚ್ಚಾಗಿ ಹೊಸ ಜೋಡಣೆಯಲ್ಲಿ ಸೇರಿದ ಮಣ್ಣು. ನೀರು ತಿಳಿಯಾಗುವವರೆಗೆ ಹೊರಗೆ ಬಿಟ್ಟು ಆಮೇಲೆ ವಾಲ್ವ್ ತೆರೆಯಬಹುದು, ಆದರೂ ಕುಡಿಯುವ ನೀರನ್ನು ಕುದಿಸಲೇಬೇಕು. ಬೂದುಗಪ್ಪು ಬಣ್ಣವಿದ್ದು, ಎಷ್ಟು ಹೊತ್ತಾದರೂ ಮಬ್ಬು ಹೋಗದೆ, ಮೂಗಿಗೆ ಮೋರಿಯ ವಾಸನೆ ಬಡಿದರೆ ಅದು ಕೊಳಚೆ ಬೆರೆತ ನೀರು. ವಾಲ್ವ್ ತೆರೆಯಬೇಡಿ. ಜಲಮಂಡಳಿಯ 1916ಕ್ಕೆ ಕರೆ ಮಾಡಿ, ನೀರಿನ ಮಾದರಿ ಪರೀಕ್ಷೆ ಮಾಡುವಂತೆ ಕೇಳಿ, ಅಕ್ಕಪಕ್ಕದ ಮನೆಗಳಿಗೂ ತಿಳಿಸಿ. ನಾಲ್ಕು ಮನೆಗಳಿಂದ ಒಂದೇ ದಿನ ದೂರು ಹೋದರೆ ಒಡೆದ ಜಾಗ ಎಲ್ಲಿದೆ ಎಂದು ಕಂಡುಹಿಡಿಯುವುದು ಎಂಜಿನಿಯರ್‌ಗಳಿಗೂ ಸುಲಭ.

ಅಂಥ ನೀರು ಸಂಪಿಗೆ ಇಳಿದೇ ಬಿಟ್ಟಿದ್ದರೆ ಮೋಟರ್ ಹಾಕಬೇಡಿ. ಸಂಪನ್ನು ಪೂರ್ತಿ ಖಾಲಿ ಮಾಡಿಸಿ, ಗೋಡೆ ಮತ್ತು ತಳವನ್ನು ಉಜ್ಜಿ, ಬ್ಲೀಚಿಂಗ್ ಪೌಡರ್ ಕದಡಿದ ನೀರಿನಿಂದ ತೊಳೆಸಿ, ಆ ನೀರನ್ನೂ ಹೊರಹಾಕಿಸಿ. ಸಂಪಿಗೆ ಇಳಿಯುವ ಮುನ್ನ ಮುಚ್ಚಳವನ್ನು ಸಾಕಷ್ಟು ಹೊತ್ತು ತೆರೆದಿಡಬೇಕು, ಒಳಗೆ ಒಬ್ಬರಿದ್ದರೆ ಮೇಲೆ ಇನ್ನೊಬ್ಬರು ನಿಂತಿರಲೇಬೇಕು. ಮುಚ್ಚಿದ ತೊಟ್ಟಿಯಲ್ಲಿ ಆಮ್ಲಜನಕ ಕಡಿಮೆಯಾಗಿ ಉಸಿರುಕಟ್ಟುವ ಅಪಾಯವಿದೆ. ನಂತರ ಶುದ್ಧ ನೀರು ತುಂಬಿಸಿ, ಪ್ರತಿ 1,000 ಲೀಟರ್‌ಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಒಂದು ಬಕೆಟ್ ನೀರಿನಲ್ಲಿ ಕದಡಿ, ಸುಣ್ಣದ ಅಂಶ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಸುರಿದು, ಒಂದು ಗಂಟೆ ಬಿಟ್ಟು ಬಳಸಿ. ಈ ಲೆಕ್ಕದಲ್ಲಿ 6,000 ಲೀಟರ್ ಸಂಪಿಗೆ 15 ಗ್ರಾಂ ಸಾಕು. ಕೈಗೆ ಬಂದಷ್ಟು ಸುರಿಯಬಾರದು. ಮನೆಯ ಫಿಲ್ಟರ್ ಇದೆಯೆಂದು ಕೊಳಚೆ ಬೆರೆತ ನೀರನ್ನು ಅದರ ಮೂಲಕ ಹಾಯಿಸಬೇಡಿ. ಅದರ ಕ್ಯಾಂಡಲ್ ಮತ್ತು ಕಾರ್ಟ್ರಿಜ್ ಹಾಳಾಗುತ್ತವೆ, ನೀರು ಸುರಕ್ಷಿತವೆಂಬ ಭರವಸೆಯೂ ಇರುವುದಿಲ್ಲ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಕುಡಿಯಲು ಬೇರೆ ಕಡೆಯ ನೀರನ್ನು ತಂದು, ಅದನ್ನೂ ಚೆನ್ನಾಗಿ ಕುದಿಬಂದ ಮೇಲೆ ಒಂದು ನಿಮಿಷವಾದರೂ ಕುದಿಸಿ ಆರಿಸಿಕೊಳ್ಳಿ. ವಾಂತಿ, ಭೇದಿ, ಜ್ವರ ಕಂಡರೆ, ಅದರಲ್ಲಿಯೂ ಮಕ್ಕಳಿಗಾದರೆ, ಕಾಯದೆ ವೈದ್ಯರ ಬಳಿ ಹೋಗಿ ನೀರಿನ ವಿಷಯವನ್ನೂ ಹೇಳಿ.

ಒಳಚರಂಡಿಯ ಮಾತು ಚಿಕ್ಕದು. ಕಾಂಪೌಂಡಿನೊಳಗಿನ ಕೊನೆಯ ಚೇಂಬರ್‌ನ ಮುಚ್ಚಳವನ್ನು ದಿನಕ್ಕೊಮ್ಮೆ ತೆಗೆದು ನೋಡಿ. ನೀರು ಹರಿಯದೆ ನಿಂತಿದ್ದರೆ ಹೊರಗಿನ ಕೊಳವೆ ಒಡೆದಿದೆ ಅಥವಾ ಅದರಲ್ಲಿ ಕಲ್ಲುಮಣ್ಣು ಸೇರಿದೆ ಎಂದರ್ಥ. ಸರಿಪಡಿಸಲು ಮ್ಯಾನ್‌ಹೋಲ್ ಒಳಗೆ ಮನುಷ್ಯರನ್ನು ಇಳಿಸುವ ಮಾತು ಯಾರಾದರೂ ಆಡಿದರೆ ಒಪ್ಪಬೇಡಿ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಅಂಥ ಅಪಾಯಕಾರಿ ಸ್ವಚ್ಛತೆಯನ್ನು ನಿಷೇಧಿಸಿದೆ, ಆ ಕೆಲಸಕ್ಕೆ ಜೆಟ್ಟಿಂಗ್ ಯಂತ್ರವಿರುವ ವಾಹನವನ್ನೇ ತರಿಸಬೇಕು.

ಮುಚ್ಚುವ ದಿನ

ಮನೆಯವರೊಬ್ಬರು ಅರ್ಧ ದಿನ ರಜೆ ಹಾಕುವುದಾದರೆ ಅದನ್ನು ಈ ದಿನಕ್ಕೆ ಇಟ್ಟುಕೊಳ್ಳಿ. ಮುಚ್ಚುವ ಮೊದಲು ಎರಡು ಪರೀಕ್ಷೆಗಳು ಆಗಬೇಕು. ನೀರಿನ ಹೊಸ ಜೋಡಣೆಯಾಗಿದ್ದರೆ, ಸಾಧ್ಯವಿದ್ದಲ್ಲಿ ನೀರು ಬಿಡಿಸಿ, ಜೋಡಣೆ ಒಣಗಿಯೇ ಇದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಪೂರೈಕೆಯ ದಿನವಲ್ಲದಿದ್ದರೆ ಆ ಒಂದು ಜಾಗವನ್ನು ಮಾತ್ರ ಮುಂದಿನ ಪೂರೈಕೆಯವರೆಗೆ ತೆರೆದಿಡುವಂತೆ ಕೇಳಿ, ಸುತ್ತಲೂ ಬ್ಯಾರಿಕೇಡ್ ಇರಲಿ. ಒಳಚರಂಡಿಗೆ, ಮನೆಯ ಚೇಂಬರಿಗೆ ಒಂದೆರಡು ಬಕೆಟ್ ನೀರು ಸುರಿದು, ಅದು ಮ್ಯಾನ್‌ಹೋಲ್ ತಲುಪುವುದನ್ನು ಮೇಲಿನಿಂದಲೇ ನೋಡಿ. ಅರಿಸಿನ ಕದಡಿ ಸುರಿದರೆ ಸುಲಭವಾಗಿ ಗುರುತು ಸಿಗುತ್ತದೆ. ಸುರಿದ ನೀರು ಪೂರ್ತಿ ತಲುಪದಿದ್ದರೆ ದಾರಿಯಲ್ಲಿ ಎಲ್ಲಿಯೋ ಮಣ್ಣಿಗೆ ಇಳಿಯುತ್ತಿದೆ.

ನಂತರ ಮಣ್ಣು ತುಂಬುವ ರೀತಿ. ಕೊಳವೆಯ ಕೆಳಗೂ ಸುತ್ತಲೂ ಮರಳು ಅಥವಾ ಕಲ್ಲಿಲ್ಲದ ನಯವಾದ ಮಣ್ಣು ಇರಬೇಕು. ಒಡೆದ ಕಾಂಕ್ರೀಟ್ ತುಂಡು, ಡಾಂಬರಿನ ಹೆಂಟೆ ಕೊಳವೆಯ ಮೇಲೆ ಬಿದ್ದರೆ ಲಾರಿ ಹೋದಾಗಲೆಲ್ಲ ಅದೇ ಬಿಂದುವಿನಲ್ಲಿ ಒತ್ತಡ ಬಿದ್ದು ಕೊಳವೆ ಸೀಳುತ್ತದೆ. ವಿದ್ಯುತ್ ಮತ್ತು ಅನಿಲದ ಸಾಲುಗಳ ಮೇಲೆ ಎಚ್ಚರಿಕೆಯ ಪಟ್ಟಿ ಹಾಸಬೇಕು. ಆಮೇಲೆ ಮಣ್ಣನ್ನು ಒಂದೇ ಸಲ ಸುರಿಯದೆ, ಸುಮಾರು 15ರಿಂದ 20 ಸೆಂಟಿಮೀಟರ್ ಪದರಗಳಲ್ಲಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ, ಯಂತ್ರದಿಂದ ದಮ್ಮಸ್ಸು ಮಾಡಬೇಕು, ಅಂದರೆ ಒತ್ತಿ ಗಟ್ಟಿ ಮಾಡಬೇಕು. ಜೆಸಿಬಿಯ ಬಕೆಟ್‌ನಿಂದ ಮೇಲ್ಮೈಯನ್ನು ಎರಡು ಸಲ ತಟ್ಟುವುದು ದಮ್ಮಸ್ಸು ಅಲ್ಲ. ಹಾಗೆ ಮುಚ್ಚಿದ ಕಂದಕದ ಒಳಗೆ ಪೊಳ್ಳು ಉಳಿದು, ಮೊದಲ ಜೋರು ಮಳೆಗೆ ಮಣ್ಣು ಇಳಿದು, ಉದ್ದಕ್ಕೂ ತಗ್ಗು ಬೀಳುತ್ತದೆ. ಸ್ಕೂಟರಿನ ಮುಂಗಾಲಿ ಅದರೊಳಗೆ ಸಿಕ್ಕಿ ಬೀಳುವವರು ಎಷ್ಟೋ ಜನ. ಪ್ರತಿ ಹಂತದ ಫೋಟೊ ತೆಗೆಯಿರಿ, ಪದರಗಳ ವಿಷಯವನ್ನು ಮೇಸ್ತ್ರಿಗೆ ಗೌರವದಿಂದಲೇ ಹೇಳಿ. ಒಪ್ಪದಿದ್ದರೆ ಅಲ್ಲಿಂದಲೇ ಜೆ.ಇ.ಗೆ ಕರೆ ಮಾಡಿ. ಮಣ್ಣು ಮುಚ್ಚಿದ ಮೇಲೆ ಹೇಳಿದರೆ ಮತ್ತೆ ಅಗೆಸುವುದು ಯಾರಿಂದಲೂ ಆಗುವುದಿಲ್ಲ.

ಮಿಕ್ಕ ಮಣ್ಣು, ಕಲ್ಲುಗಳನ್ನು ಸಾಗಿಸದೆ ಮೋರಿಯ ಮೇಲೆ ಬಿಟ್ಟುಹೋದರೆ ಮುಂದಿನ ಮಳೆಯ ನೀರು ನಿಮ್ಮ ಗೇಟಿನೊಳಕ್ಕೇ ಬರುತ್ತದೆ. ಸಾಗಿಸುವುದು ಅವರ ಕೆಲಸದ ಭಾಗ.

ದೂರು ಬರೆಯುವ ಬಗೆ

ಫೋನಿನಲ್ಲಿ ಕೂಗಾಡಿದ್ದಕ್ಕೆ ದಾಖಲೆ ಇರುವುದಿಲ್ಲ. ಪಾಲಿಕೆಗೆ 1533, ಜಲಮಂಡಳಿಗೆ 1916, ಬೆಸ್ಕಾಂಗೆ 1912. ಕರೆ ಮಾಡಿದಾಗ ದೂರಿನ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ನೀರು ಅಥವಾ ವಿದ್ಯುತ್ತಿನ ವಿಷಯವಾದರೆ ಬಿಲ್ಲಿನ ಮೇಲಿನ ಆರ್.ಆರ್. ಸಂಖ್ಯೆಯನ್ನು ಕೊಡಿ. ಬರಹದ ದೂರಿನಲ್ಲಿ ಭಾವನೆಗಿಂತ ವಿವರ ಹೆಚ್ಚಿರಲಿ. ಉದಾಹರಣೆಗೆ ಹೀಗೆ ಬರೆಯಬಹುದು: 'ನಮ್ಮ ಅಡ್ಡರಸ್ತೆಯಲ್ಲಿ, ನಮ್ಮ ಮನೆಯ ಎದುರಿನಿಂದ ಮೂಲೆಯ ಮನೆಯವರೆಗೆ, ಈ ತಿಂಗಳ 4ರಂದು ಅಗೆದ ಸುಮಾರು ಎರಡು ಅಡಿ ಅಗಲದ ಕಂದಕವನ್ನು ಇಂದಿಗೂ ಮುಚ್ಚಿರುವುದಿಲ್ಲ. ಬ್ಯಾರಿಕೇಡ್ ಮತ್ತು ದೀಪ ಇರುವುದಿಲ್ಲ. ನಿನ್ನೆ ರಾತ್ರಿ ದಾರಿಹೋಕರೊಬ್ಬರು ಬಿದ್ದಿರುತ್ತಾರೆ. ಇಂದೇ ಬ್ಯಾರಿಕೇಡ್ ಹಾಕಿಸಿ, ಕಂದಕ ಮುಚ್ಚುವ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇವೆ.' ಎರಡು ಮೂರು ಫೋಟೊ ಲಗತ್ತಿಸಿ, ಅಕ್ಕಪಕ್ಕದ ಮನೆಯವರ ಸಹಿ ಹಾಕಿಸಿ, ಪ್ರತಿಯ ಮೇಲೆ ಕಚೇರಿಯ ಮೊಹರು ಪಡೆಯಿರಿ. ಜೆ.ಇ.ಯಿಂದ ಉತ್ತರವಿಲ್ಲದಿದ್ದರೆ ಎ.ಇ.ಇ. (ಸಹಾಯಕ ಕಾರ್ಯಪಾಲಕ ಎಂಜಿನಿಯರ್), ಅಲ್ಲಿಂದ ಇ.ಇ. (ಕಾರ್ಯಪಾಲಕ ಎಂಜಿನಿಯರ್), ಈ ಕ್ರಮದಲ್ಲಿಯೇ ಮೇಲಕ್ಕೆ ಹೋಗಿ. ಜಲಮಂಡಳಿ ನಡೆಸುವ ನೀರಿನ ಅದಾಲತ್‌ನಲ್ಲಿಯೂ ನೀರು, ಒಳಚರಂಡಿಯ ದೂರುಗಳನ್ನು ಎದುರಿಗೇ ಹೇಳಿಕೊಳ್ಳಬಹುದು.

ಕಚೇರಿಗಳು ಒಬ್ಬರತ್ತ ಒಬ್ಬರು ಬೊಟ್ಟು ಮಾಡತೊಡಗಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕುವ ಸಮಯ ಬಂದಿದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಆದ್ದರಿಂದ 'ಏಕೆ ಹೀಗೆ ಮಾಡಿದಿರಿ' ಎಂಬ ಪ್ರಶ್ನೆಗಳಿಗೆ ಪದಗಳನ್ನು ಖರ್ಚು ಮಾಡದೆ ದಾಖಲೆಗಳನ್ನೇ ಕೇಳಿ. ನಿಮ್ಮ ರಸ್ತೆಯ ಅಗೆತದ ಅನುಮತಿ ಪತ್ರ, ರಸ್ತೆ ಪುನಃಸ್ಥಾಪನೆಗೆ ಕಟ್ಟಿದ ಮೊತ್ತದ ರಸೀದಿ, ಕಾರ್ಯಾದೇಶ, ಕಂಟ್ರಾಕ್ಟರ್‌ನ ದೋಷ ಹೊಣೆಗಾರಿಕೆಯ ಅವಧಿ (ದೋಷ ಕಂಡರೆ ಆತನೇ ಸರಿಪಡಿಸಬೇಕಾದ ಕಾಲ), ಕೆಲಸದ ಅಳತೆ ಪುಸ್ತಕದ ಪುಟಗಳು, ಇವುಗಳ ಪ್ರತಿಗಳು ಸಾಕು. ಅಳತೆ ಪುಸ್ತಕದಲ್ಲಿ ದಮ್ಮಸ್ಸು, ಮರಳು, ಡಾಂಬರು ಎಂದು ಲೆಕ್ಕ ಬರೆದಿದ್ದು, ನಿಮ್ಮ ಫೋಟೊಗಳಲ್ಲಿ ಅವು ಇಲ್ಲದಿದ್ದರೆ, ಆ ಎರಡನ್ನೂ ಒಟ್ಟಿಗೆ ಇಟ್ಟು ಮೇಲಧಿಕಾರಿಗೆ ಬರೆಯುವ ಪತ್ರಕ್ಕೆ ಬೇರೆ ವಾದ ಬೇಕಾಗುವುದಿಲ್ಲ.

ಗೋಡೆ ಬಿರಿದಿದ್ದರೆ ಮೊದಲಿನ ಮತ್ತು ಈಗಿನ ಫೋಟೊಗಳ ಜೊತೆ ದುರಸ್ತಿಯ ಅಂದಾಜು ವೆಚ್ಚವನ್ನು ಲಗತ್ತಿಸಿ, ಅಗೆದ ಸಂಸ್ಥೆಗೆ ಲಿಖಿತವಾಗಿ ಕೇಳಿ. ಕಂದಕಕ್ಕೆ ಬಿದ್ದು ಯಾರಾದರೂ ಗಾಯಗೊಂಡಿದ್ದರೆ ಆಸ್ಪತ್ರೆಯ ದಾಖಲೆಯ ಜೊತೆಗೆ ಪೊಲೀಸ್ ದೂರೂ ಇರಲೇಬೇಕು.

ಕೆಲಸ ಮುಗಿದ ಮೇಲೆ

ಡಾಂಬರು ಹಾಕಿದೊಡನೆ ಎಲ್ಲ ಮುಗಿಯಿತೆಂದು ಕಡತ ಮುಚ್ಚಬೇಡಿ. ಹೊಸ ಮೇಲ್ಮೈ ಹಳೆಯದಕ್ಕಿಂತ ಎತ್ತರವಾಗಿ, ನಿಮ್ಮ ಗೇಟಿನ ಕಡೆಗೆ ಇಳಿಜಾರಾಗಿದೆಯೇ ಎಂದು ಒಂದು ಬಕೆಟ್ ನೀರು ಸುರಿದು ನೋಡಿ. ನೀರು ಮೋರಿಯ ಕಡೆಗೆ ಹರಿಯಬೇಕು. ಬೆಂಗಳೂರಿನಲ್ಲಿ ಜೋರು ಮಳೆ ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬರುವುದರಿಂದ, ಬೇಸಿಗೆಯಲ್ಲಿ ಮುಚ್ಚಿದ ಕಂದಕದ ನಿಜಸ್ಥಿತಿ ತಿಳಿಯುವುದು ಆಗಲೇ. ತಗ್ಗು ಕಂಡರೆ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಹಳೆಯ ದೂರಿನ ಸಂಖ್ಯೆಯನ್ನು ಉಲ್ಲೇಖಿಸಿ, ದೋಷ ಹೊಣೆಗಾರಿಕೆಯ ಅವಧಿ ಮುಗಿಯುವ ಮುನ್ನವೇ ಬರೆಯಿರಿ. ಆ ಅವಧಿಯೊಳಗೆ ಕಂಟ್ರಾಕ್ಟರ್ ತನ್ನ ಖರ್ಚಿನಲ್ಲಿಯೇ ಸರಿಪಡಿಸಬೇಕಾಗುತ್ತದೆ.

ಕೊನೆಗೆ, ಅಗೆತಕ್ಕೆ ಮುನ್ನ ಬರೆದಿಟ್ಟ ನಕ್ಷೆಯನ್ನು ತಿದ್ದಿ. ಹೊಸ ಕೊಳವೆ ಎಷ್ಟು ಆಳದಲ್ಲಿದೆ, ಗೇಟಿನ ಕಂಬದಿಂದ ಎಷ್ಟು ದೂರದಲ್ಲಿದೆ, ಜೋಡಣೆ ಎಲ್ಲಿದೆ, ಹಳೆಯ ಕೊಳವೆಯನ್ನು ತೆಗೆದಿದ್ದಾರೋ ಅಲ್ಲಿಯೇ ಬಿಟ್ಟಿದ್ದಾರೋ, ಇವಿಷ್ಟನ್ನು ಬರೆದು, ತೆರೆದ ಕಂದಕದ ಫೋಟೊಗಳೊಡನೆ ಮನೆಯ ಪತ್ರಗಳ ಕಡತದಲ್ಲಿ ಇಡಿ. ಬಾಡಿಗೆಗೆ ಇರುವವರಿಗೂ ಮೇಲಿನ ಮಹಡಿಯವರಿಗೂ ಅದರ ಒಂದೊಂದು ಪ್ರತಿ ಕೊಡಿ, ಏಕೆಂದರೆ ಮುಂದಿನ ಬಾರಿ ಜೆಸಿಬಿ ಬಂದಾಗ ಮನೆಯಲ್ಲಿ ಇರುವವರು ಅವರೇ ಆಗಿರಬಹುದು.